ಸಿಡಿದದ್ದು ಹಳೆಯದು

ನೂಲಿನ ಗಿರಣಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಗೇಟಿನ ಕಾವಲುಗಾರನಿಂದ ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವನು ‘ಕೈಗುಣ’. ಮೊಂಡು ಹಿಡಿದು ಕೂತ ಯಂತ್ರದ ಮುಂದೆ ಅವನು ಹೋಗಿ ಒಂದು ಸಲ ಕೆಮ್ಮಿದರೆ ಸಾಕು, ಅದು ಹೆದರಿ ತಾನೇ ತಿರುಗುತ್ತದೆ ಎಂದು ಬಾಬಿನ್ ವಿಭಾಗದ ಹೆಂಗಸರು ಹೇಳಿಕೊಂಡು ನಗುತ್ತಿದ್ದರು. ಅವನಿಗೂ ಆ ಹೆಸರಿನ ಮೇಲೆ ಒಳಗೊಳಗೇ ಹಿಗ್ಗು.

ಏಳನೆಯ ತರಗತಿ ಮುಗಿಯುವ ಮೊದಲೇ ಶಾಲೆ ಬಿಟ್ಟವನು. ರೇಡಿಯೊ ರಿಪೇರಿ ಅಂಗಡಿಯ ಹಿಂದಿನ ಬೆಂಚಿನ ಮೇಲೆ ಕೂತು, ಬೆರಳು ಸುಟ್ಟುಕೊಂಡು ಬೆಸುಗೆ ಹಾಕುವುದನ್ನು ಕಲಿತವನು. ಐವತ್ತು ದಾಟುವ ಹೊತ್ತಿಗೂ ಅವನ ವಿದ್ಯೆಯೆಲ್ಲ ಎರಡು ಮಾತಿನಲ್ಲಿ ಮುಗಿಯುತ್ತಿತ್ತು: ಸುಟ್ಟದ್ದನ್ನು ಕಿತ್ತು ಅಂಥದ್ದೇ ಹೊಸದು ಹಾಕು, ಅಂಥದ್ದೇ ಸಿಗದಿದ್ದರೆ ಒಂದು ಕೈ ದೊಡ್ಡದು ಹಾಕು. ತಂತಿ ದಪ್ಪಗಿದ್ದರೆ ಕಾಯುವುದಿಲ್ಲ, ಬೋಲ್ಟು ದೊಡ್ಡದಿದ್ದರೆ ಮುರಿಯುವುದಿಲ್ಲ. ಮೂವತ್ತೈದು ವರ್ಷ ಈ ವಿದ್ಯೆ ಅವನ ಕೈಬಿಟ್ಟಿರಲಿಲ್ಲ.

ಅವನಿಗಿಂತ ಹತ್ತು ವರ್ಷ ಚಿಕ್ಕವಳಾದ ತಂಗಿಯೂ ಅದೇ ಗಿರಣಿಯಲ್ಲಿದ್ದಳು. ಗಂಡ ತೀರಿಕೊಂಡ ವರ್ಷ ಅವನೇ ಅವಳನ್ನು ಕರೆದೊಯ್ದು ಮ್ಯಾನೇಜರ್ ಮುಂದೆ ನಿಲ್ಲಿಸಿ ಕೆಲಸ ಕೊಡಿಸಿದ್ದ. ಮೂರನೆಯ ಸಾಲಿನ ನೂಲು ಸುತ್ತುವ ಯಂತ್ರ ಅವಳದು. ಅವಳ ಒಬ್ಬಳೇ ಮಗಳು ಕಾಲೇಜಿನಲ್ಲಿ ಭೌತವಿಜ್ಞಾನ ಓದುತ್ತಿದ್ದಳು. ಅವನು ಮದುವೆಯಾದವನಲ್ಲ. ತಾಯಿ ಮಗಳು ಇಬ್ಬರೇ ಇದ್ದ ಆ ಎರಡು ಕೋಣೆಯ ಮನೆಗೆ ಊಟದ ಹೊತ್ತಿಗೆ ಹೋಗಿ ಕೂರುತ್ತಿದ್ದ. ಅದೇ ಅವನ ಸಂಸಾರ.

ಒಂದು ದಿನ ಮೂರನೆಯ ಸಾಲಿನ ಡ್ರೈವ್ ಕೆಟ್ಟಿತು. ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ ಪೆಟ್ಟಿಗೆ ಅದು. ಅದರ ಹೊಟ್ಟೆಯಲ್ಲಿ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ, ಲೋಟದಷ್ಟು ದಪ್ಪದ ಎರಡು ಕೆಪಾಸಿಟರುಗಳು, ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದಂತೆ ಸರಣಿಯಲ್ಲಿ ಕೂತಿದ್ದವು. ಪೆಟ್ಟಿಗೆಯೊಳಗಿನ ವೋಲ್ಟೇಜು ಐನೂರ ಅರವತ್ತು. ಒಂದೊಂದು ಕೆಪಾಸಿಟರಿನ ಮೈಮೇಲೂ ನಾನೂರು ವೋಲ್ಟಿನ ಮಿತಿ ಅಚ್ಚಾಗಿತ್ತು. ಒಂದಕ್ಕೆ ತಾಳದ ಭಾರವನ್ನು ಎರಡು ಹಂಚಿಕೊಂಡು ಹೊರಲಿ ಎಂದು ಹಾಗೆ ಇಡುತ್ತಾರೆ. ಇಷ್ಟು ಅವನಿಗೂ ಗೊತ್ತಿತ್ತು. ಹಂಚಿಕೆ ಹೇಗಾಗುತ್ತದೆ ಎಂದು ಅವನು ಯಾರನ್ನೂ ಕೇಳಿರಲಿಲ್ಲ.

ಎರಡರಲ್ಲಿ ಒಂದು ಸತ್ತಿತ್ತು. ಅದರ ಸಾಮರ್ಥ್ಯ ನಾನೂರ ಎಪ್ಪತ್ತು ಮೈಕ್ರೋಫ್ಯಾರಡ್. ಅಂಗಡಿಯವನು, “ಎರಡು ದಿನ ತಡೀರಿ, ತರಿಸ್ತೀನಿ. ಈಗ ಸಾವಿರದ್ದು ಇದೆ ನೋಡಿ,” ಎಂದ. ಗಿರಣಿಯಿಂದ ಅಷ್ಟರಲ್ಲಿ ಮೂರು ಸಲ ಫೋನ್ ಬಂದಿತ್ತು. ಸಾವಿರ ಅಂದರೆ ಎರಡು ಪಟ್ಟು, ಇನ್ನೂ ಒಳ್ಳೆಯದೇ ಎಂದುಕೊಂಡು ಅದನ್ನೇ ತಂದು ಕೂರಿಸಿದ. ಉಳಿದ ಹಳೆಯದನ್ನು ಮೀಟರಿನಲ್ಲಿ ಅಳೆದಾಗ ನಾನೂರು ಮೈಕ್ರೋಫ್ಯಾರಡ್ ತೋರಿಸಿತು. ವಯಸ್ಸಾದ ಮೇಲೆ ಅಷ್ಟು ಇಳಿಯದೆ ಇರುತ್ತದೆಯೇ, ಇರಲಿ ಬಿಡು ಎಂದ. ಎರಡರ ಪಕ್ಕಕ್ಕೂ ಇದ್ದ ಸಣ್ಣ ರೆಸಿಸ್ಟರುಗಳು ಸುಟ್ಟು ಕರಕಲಾಗಿದ್ದವು. ಯಂತ್ರ ನಿಂತ ಮೇಲೆ ಕೆಪಾಸಿಟರನ್ನು ಖಾಲಿ ಮಾಡಲು ಮಾತ್ರ ಅವು ಇರುವುದು ಎಂದುಕೊಂಡು ಕತ್ತರಿಸಿ ಬಿಸಾಕಿದ. ಸ್ವಿಚ್ಚು ಹಾಕಿದರೆ ಯಂತ್ರ ಹೂವಿನಂತೆ ತಿರುಗಿತು. ತಂಗಿ ಆ ಕಡೆಯಿಂದ ಕೈಯೆತ್ತಿ, “ನಮ್ಮಣ್ಣನ ಕೈಗುಣ!” ಎಂದು ಕೂಗಿದಳು.

ಹನ್ನೊಂದನೆಯ ದಿನ, ಮಧ್ಯಾಹ್ನದ ಊಟಕ್ಕೆ ಬಿಡುವ ಹೊತ್ತಿಗೆ, ಅವಳು ಎಂದಿನಂತೆ ಹೋಗಿ ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಿದಳು. ಸೆಕೆಗೆಂದು ಪೆಟ್ಟಿಗೆಯ ಬಾಗಿಲು ತೆರೆದು ಎದುರಿಗೆ ಫ್ಯಾನು ಇಡುವುದು ಅಲ್ಲಿ ರೂಢಿಯಾಗಿಬಿಟ್ಟಿತ್ತು. ಗುಂಡಿ ಒತ್ತಿದ ಕ್ಷಣದಲ್ಲೇ ಢಮಾರೆಂದಿತು. ಬಿಸಿ ದ್ರವವೂ ತಗಡಿನ ಚೂರೂ ನೇರ ಮುಖಕ್ಕೆ ಬಡಿದವು. ಅವನು ಓಡಿ ಬರುವಷ್ಟರಲ್ಲಿ ಅವಳು ನೂಲಿನ ರಾಶಿಯ ಮೇಲೆ ಬಿದ್ದು, ಎರಡೂ ಅಂಗೈಗಳನ್ನು ಕಣ್ಣಿಗೆ ಒತ್ತಿಕೊಂಡು, ಕೂಗಲೂ ಆಗದೆ ಉಸಿರು ಎಳೆಯುತ್ತಿದ್ದಳು.

ಬಲಗಣ್ಣನ್ನು ಅಂದೇ ತೆಗೆಯಬೇಕಾಯಿತು. ಎಡಗಣ್ಣಿನ ಮಾತು ಈಗಲೇ ಹೇಳುವುದಕ್ಕಾಗದು ಎಂದರು ಡಾಕ್ಟರು.

ಗಿರಣಿಯ ಎಂಜಿನಿಯರು ಬಂದು ಪೆಟ್ಟಿಗೆ ನೋಡಿದರು. ಸಿಡಿದದ್ದು ಹಳೆಯ ಕೆಪಾಸಿಟರು. ಕೈಗುಣ ಹಾಕಿದ ಹೊಸದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ‘ಹಳೆಯ ಭಾಗದ ಆಯುಷ್ಯ ಮುಗಿದಿತ್ತು’ ಎಂದು ವರದಿ ಬರೆದು ಸಹಿ ಹಾಕಿದರು. ಸಮಾಧಾನ ಹೇಳಲು ಬಂದವರೆಲ್ಲ ಅದೇ ಮಾತನ್ನು ತಿರುತಿರುಗಿಸಿ ಹೇಳಿದರು. “ನೀನ್ಯಾಕೆ ಕೊರಗ್ತೀಯ? ನೀನು ಹಾಕಿದ್ದು ಗಟ್ಟಿಯಾಗೇ ಇದೆಯಲ್ಲಪ್ಪ.”

ಆ ಮಾತು ಕೇಳಿದಾಗಲೆಲ್ಲ ಅವನು ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಒಂಬತ್ತು ವರ್ಷ ತನ್ನ ಜೊತೆಗಾರನ ಪಕ್ಕ ತೆಪ್ಪಗಿದ್ದ ಡಬ್ಬಿ, ತಾನು ಹೊಸ ಜೊತೆಗಾರನನ್ನು ತಂದು ಕೂರಿಸಿದ ಹನ್ನೊಂದೇ ದಿನಕ್ಕೆ ಯಾಕೆ ಸಿಡಿಯಿತು? ಎಂಜಿನಿಯರನ್ನು ಮೆಟ್ಟಿಲ ಮೇಲೆ ಅಡ್ಡಗಟ್ಟಿ ಕೇಳಿದ. “ಸರ್, ಒಂದು ದೊಡ್ಡದು, ಒಂದು ಚಿಕ್ಕದು ಸರಣಿಯಲ್ಲಿ ಹಾಕಿದ್ರೆ ವೋಲ್ಟೇಜು ಯಾವುದಕ್ಕೆ ಎಷ್ಟು ಬೀಳುತ್ತೆ?”

ಎಂಜಿನಿಯರು ಅವನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಅವನ ಹೆಗಲು ತಟ್ಟಿ, “ರಿಪೋರ್ಟ್ ಹೋಗಿಯಾಯ್ತು. ತಂಗಿಯನ್ನ ನೋಡ್ಕೋ, ಹೋಗು,” ಎಂದು ಇಳಿದು ಹೋದರು. ಆ ಹೆಗಲು ತಟ್ಟಿದ ರೀತಿಯೇ ಅವನನ್ನು ಇನ್ನಷ್ಟು ಹೆದರಿಸಿತು.

ಇನ್ನು ಕೇಳುವುದಕ್ಕೆ ಉಳಿದವಳು ತಂಗಿಯ ಮಗಳೊಬ್ಬಳೇ. ಆರು ದಿನ ಕೇಳದೆ ತಳ್ಳಿದ. ಏಳನೆಯ ದಿನ ಭಾನುವಾರ. ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ ತಂಗಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. ಮಗಳು ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತು ಪುಸ್ತಕ ತೆರೆದಿದ್ದಳು. ಅಮ್ಮ ನಿದ್ದೆ ಹೋಗಿದ್ದಾಳೆ ಎಂದು ಸನ್ನೆ ಮಾಡಿದಳು. ಅವನು ಅವಳ ಪಕ್ಕ ನೆಲದ ಮೇಲೆಯೇ ಕೂತ.

“ಒಂದು ಲೆಕ್ಕ ಹೇಳ್ಕೊಡ್ತೀಯೇನಮ್ಮ? ಕೆಪಾಸಿಟರಿಂದು.”

“ಈಗಲಾ ಮಾವ?” ಎಂದಳು. ಅವನ ಮುಖ ನೋಡಿ ಮತ್ತೇನೂ ಕೇಳದೆ ನೋಟ್‌ಬುಕ್ಕಿನ ಹಿಂದಿನ ಹಾಳೆ ತೆಗೆದಳು. ಎರಡು ಜೊತೆ ಗೆರೆ ಎಳೆದು ನಡುವೆ ತಂತಿ ಬರೆದಳು.

“ಒಂದು ಕೆಪಾಸಿಟರ್ ಅಂದ್ರೆ ಎರಡು ಲೋಹದ ಹಾಳೆ, ನಡುವೆ ಕರೆಂಟು ದಾಟದ ಜಾಗ. ಮೊದಲನೇದರ ಆಚೆ ಹಾಳೆಗೆ ಇಷ್ಟು ಚಾರ್ಜು ಬಂದು ಕೂತ್ಕೊಳ್ತು ಅನ್ಕೋ. ಎದುರಿನ ಹಾಳೆ ಮೇಲೂ ಅಷ್ಟೇ ಉಲ್ಟಾ ಚಾರ್ಜು ಬರಬೇಕು. ಅದು ಎಲ್ಲಿಂದ ಬರಬೇಕು ಹೇಳು?”

“ಬ್ಯಾಟರಿಯಿಂದ.”

“ಹೆಂಗೆ ಬರುತ್ತೆ? ಈ ನಡುವಿನ ತುಂಡು ನೋಡು. ಮೊದಲನೇದರ ಒಳ ಹಾಳೆ, ಎರಡನೇದರ ಒಳ ಹಾಳೆ, ಮಧ್ಯ ಒಂದು ತಂತಿ. ಹೊರಗಿನ ಯಾವುದಕ್ಕೂ ಇದು ಅಂಟಿಲ್ಲ. ಒಳಗೆ ಬರೋ ಹಾಗಿಲ್ಲ, ಹೊರಗೆ ಹೋಗೋ ಹಾಗಿಲ್ಲ. ಹಂಗಾಗಿ ಈ ಕಡೆಗೆ ಬೇಕಾದಷ್ಟು ಆ ಕಡೆಯಿಂದಲೇ ಸರೀಬೇಕು. ಇಲ್ಲಿ ಎಷ್ಟು ಬಂತೋ ಅಲ್ಲಿ ಅಷ್ಟೇ. ಅದಕ್ಕೇ ಸರಣಿಯಲ್ಲಿ ಎರಡರ ಮೇಲೂ ಚಾರ್ಜು ಸಮ. ದೊಡ್ಡದಾಗಲಿ ಚಿಕ್ಕದಾಗಲಿ, ಸಮ.”

ಅವನ ಎದೆಯ ಮೇಲಿನ ಕಲ್ಲು ಸರಿದಂತಾಯಿತು. “ಸಮ ಅಂದೆಯಲ್ಲ! ಹಂಗಾದ್ರೆ ಯಾವುದಕ್ಕೂ ಜಾಸ್ತಿ ಭಾರ ಬೀಳಲ್ಲ.”

“ಸಮ ಇರೋದು ಚಾರ್ಜು, ಮಾವ. ವೋಲ್ಟೇಜು ಅಲ್ಲ. ಚಾರ್ಜನ್ನ ಸಾಮರ್ಥ್ಯದಿಂದ ಭಾಗಿಸಿದ್ರೆ ವೋಲ್ಟೇಜು. ಭಾಗಿಸೋ ಸಂಖ್ಯೆ ಚಿಕ್ಕದಾದಷ್ಟೂ ಬರೋ ಉತ್ತರ ದೊಡ್ಡದು.”

ಅವನಿಗೆ ತಿಳಿಯಲಿಲ್ಲ. ತಿಳಿಯಲಿಲ್ಲವೋ, ತಿಳಿಯುವುದು ಬೇಡವಾಗಿತ್ತೋ. ಅವಳು ಇನ್ನೊಂದು ಸಲ ಹೇಳಿದಳು. ಅವನು ಹಾಳೆಯನ್ನೇ ದಿಟ್ಟಿಸುತ್ತ ಬೆವರು ಒರೆಸಿಕೊಂಡ.

“ಬಾಬಿನ್ ಥರ ಅಲ್ವೇನೇ ಅದು?”

ಇಬ್ಬರೂ ಬೆಚ್ಚಿದರು. ತಂಗಿ ಮಲಗಿದ್ದಲ್ಲಿಂದಲೇ, ಪಟ್ಟಿ ಕಟ್ಟಿದ ಮುಖವನ್ನು ಛಾವಣಿಯ ಕಡೆಗೇ ಇಟ್ಟುಕೊಂಡು, ಬೇಸರ ಕಳೆಯಲು ಮಾತು ಸಿಕ್ಕಿದವಳಂತೆ ಹೇಳಿದಳು. “ಒಂದೇ ಶಾಫ್ಟಿಗೆ ಒಂದು ಉದ್ದನೇ ಬಾಬಿನ್ನು, ಒಂದು ಗಿಡ್ಡ ಬಾಬಿನ್ನು ಹಾಕು. ಎರಡಕ್ಕೂ ಅಷ್ಟೇ ಅಳತೆ ನೂಲು ಸುತ್ತು. ಉದ್ದನೇದರಲ್ಲಿ ತೆಳ್ಳಗೆ ಹರಡ್ಕೊಂಡು ಕೂತ್ಕೊಳ್ಳುತ್ತೆ. ಗಿಡ್ಡದ್ದು ಉಬ್ಬಿ ಉಬ್ಬಿ ಕೊನೆಗೆ ಅಂಚು ದಾಟಿ ಚೆಲ್ಲುತ್ತೆ. ನೂಲು ನಿನ್ನ ಚಾರ್ಜು, ದಪ್ಪ ನಿನ್ನ ವೋಲ್ಟೇಜು. ನಮ್ಮಣ್ಣನಿಗೆ ಹಿಂಗೆ ಹೇಳಿದ್ರೆ ತಲೆಗೆ ಹೋಗುತ್ತೆ.”

ತಲೆಗೆ ಹೋಯಿತು.

“ಲೆಕ್ಕ ಹಾಕ್ತೀನಿ, ಸಂಖ್ಯೆ ಹೇಳು ಮಾವ,” ಎಂದಳು ಮಗಳು. ಸುಳ್ಳು ಸಂಖ್ಯೆ ಹೇಳಬಹುದಿತ್ತು. ಬಾಯಿಗೆ ಬಂದದ್ದು ನಿಜವಾದದ್ದೇ. “ಒಟ್ಟು ಐನೂರ ಅರವತ್ತು. ಒಂದು ಸಾವಿರ, ಒಂದು ನಾನೂರು.”

ಪೆನ್ನು ಓಡಿತು. “ಸಾವಿರದ್ದರ ಮೇಲೆ ನೂರ ಅರವತ್ತು ವೋಲ್ಟು. ನಾನೂರದ್ದರ ಮೇಲೆ ನಾನೂರು. ತಾಳೆ ನೋಡು, ಎರಡನ್ನೂ ಗುಣಿಸಿದ್ರೆ ಚಾರ್ಜು ಒಂದೇ ಬರುತ್ತೆ.”

“ಮೋಟಾರು ನಿಲ್ಲಿಸುವಾಗ,” ಎಂದು ಅವನು ಕಷ್ಟಪಟ್ಟು ಹೇಳಿದ, “ಅದು ತಿರುಗೋ ರಭಸ ವಾಪಸ್ ಬಂದು ಒಳಗಿನ ವೋಲ್ಟೇಜು ಏರುತ್ತೆ. ಆರುನೂರ ಮೂವತ್ತರ ತನಕ.”

“ಹಂಗಾದ್ರೆ ಚಿಕ್ಕದರ ಮೇಲೆ ನಾನೂರ ಐವತ್ತು. ಅದರ ಮಿತಿ ಎಷ್ಟು?” ಎಂದವಳು ಅವನು ಉತ್ತರ ಕೊಡುವ ಮೊದಲೇ ಪೆನ್ನು ನಿಲ್ಲಿಸಿದಳು. “ಪಕ್ಕದಲ್ಲಿ ಎರಡನ್ನೂ ಸರಿದೂಗಿಸೋ ರೆಸಿಸ್ಟರು ಇರ್ತಾವಲ್ಲ ಮಾವ?”

ಖಾಲಿ ಮಾಡಲು ಮಾತ್ರ ಎಂದು ಅವನು ಅಂದುಕೊಂಡಿದ್ದ ರೆಸಿಸ್ಟರುಗಳು ಅವೇ. ಅವನು ತಲೆ ತಗ್ಗಿಸಿದ. “ಕತ್ತರಿಸಿ ಬಿಸಾಕಿದೆ.”

ವಾರ್ಡಿನ ಆ ತುದಿಯಲ್ಲಿ ಯಾರೋ ಬಟ್ಟಲು ಬೀಳಿಸಿದರು. ಮಗಳು ಹಾಳೆಯನ್ನೂ ಅವನನ್ನೂ ನೋಡುತ್ತ ನಿಧಾನವಾಗಿ ಎದ್ದು ನಿಂತಳು. ತಂಗಿಯ ಕೈ ಹೊದಿಕೆಯ ಮೇಲೆ ಅಲ್ಲಾಡದೆ ಇತ್ತು.

“ಅಣ್ಣ,” ಎಂದಳು ಅವಳು. “ನೀನು ಹಾಕಿದ್ದು ಸಾವಿರದ್ದಾ?”

“ಹೂಂ.”

ಕ್ಷಮಿಸು ಎನ್ನುವ ಮಾತು ಅವನ ಬಾಯಲ್ಲಿತ್ತು, ಹೊರಗೆ ಬರಲಿಲ್ಲ. ಬೈದಿದ್ದರೆ, ಎತ್ತಿ ಬಡಿದಿದ್ದರೆ ತಾಳಿಕೊಳ್ಳುತ್ತಿದ್ದನೇನೋ. ಅವಳು ಇನ್ನೊಂದೇ ಮಾತು ಕೇಳಿದಳು. “ಬೇರೆ ಎಲ್ಲಾದ್ರೂ ಹಿಂಗೆ ಹಾಕಿದ್ದೀಯಾ?”

ತನ್ನ ದುಃಖದಲ್ಲಿ ಮುಳುಗಿದ್ದವನಿಗೆ ಅದು ಹೊಳೆದೇ ಇರಲಿಲ್ಲ. “ಎರಡು ಕಡೆ. ಆಚೆ ಬೀದಿ ಕಟ್ಟಡದ ಲಿಫ್ಟಿಗೆ. ಐಸ್ ಕಾರ್ಖಾನೆಗೆ.”

“ಮತ್ತೆ ಇಲ್ಲಿ ಯಾಕೆ ಕೂತಿದ್ದೀಯ?” ಎಂದಳು. ಮಗಳ ಕಡೆಗೆ ಮುಖ ತಿರುಗಿಸಿ, “ನೀನೂ ಹೋಗು. ಇವನೊಬ್ಬನೇ ಹೋಗಿ ಹೇಳಿದ್ರೆ ಯಾರೂ ಕಿವಿ ಮೇಲೆ ಹಾಕ್ಕೊಳ್ಳಲ್ಲ.”

“ನಾನು ಇವರ ಜೊತೆ ಹೋಗಲ್ಲ,” ಎಂದಳು ಮಗಳು.

“ಅಲ್ಲೂ ಯಾರದೋ ಅಮ್ಮ ಗುಂಡಿ ಒತ್ತುತ್ತಾಳೆ ಕಣೇ. ಹೋಗು.”

ಲಿಫ್ಟಿನ ಕಟ್ಟಡದಲ್ಲಿ ಕಷ್ಟವಾಗಲಿಲ್ಲ. ಕಾವಲುಗಾರ ಅಂಜುಬುರುಕ, ‘ಸಿಡಿಯುತ್ತೆ’ ಎಂಬ ಒಂದು ಮಾತಿಗೇ ಮೇನ್ ಸ್ವಿಚ್ಚು ಇಳಿಸಿ ಬಾಗಿಲಿಗೆ ಹಗ್ಗ ಕಟ್ಟಿದ. ಅಲ್ಲಿಂದ ಐಸ್ ಕಾರ್ಖಾನೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಸೋದರಸೊಸೆ, ತಂಗಿಯ ಮಗಳು, ನಾಲ್ಕು ಸೀಟು ಮುಂದೆ ಹೋಗಿ ಕೂತಳು. ಬಸ್ಸು ಪ್ರತಿ ನಿಲ್ದಾಣದಲ್ಲಿ ನಿಂತಾಗಲೂ, ಇಷ್ಟರಲ್ಲಿ ಯಾರಾದರೂ ಆ ಕೆಂಪು ಗುಂಡಿ ಒತ್ತಿಬಿಟ್ಟರೆ ಎಂದು ಅವನು ಎದುರಿನ ಸೀಟಿನ ಕಂಬಿಯನ್ನು ಮುರಿಯುವ ಹಾಗೆ ಹಿಡಿದುಕೊಳ್ಳುತ್ತಿದ್ದ.

ಕಾರ್ಖಾನೆಯ ಮಾಲೀಕ ಅವನನ್ನು ಕಂಡು ನಕ್ಕ. “ಬಾರಪ್ಪ ಕೈಗುಣ! ನೀನು ರಿಪೇರಿ ಮಾಡಿ ಎಂಟು ತಿಂಗಳಾಯ್ತು, ಹಗಲೂ ರಾತ್ರಿ ಓಡ್ತಾನೇ ಇದೆ, ಒಂದು ದಿನ ಕೈಕೊಟ್ಟಿಲ್ಲ.”

“ನಿಲ್ಲಿಸ್ಬೇಕು ಸಾಹೇಬ್ರೇ. ನಾನು ತಪ್ಪು ಮಾಡಿದ್ದೀನಿ.”

ನಗು ಮಾಯವಾಯಿತು. ಒಳಗೆ ಅರ್ಧ ಗಟ್ಟಿಯಾದ ಐಸಿನ ಅಚ್ಚುಗಳಿವೆ, ಈಗ ನಿಲ್ಲಿಸಿದರೆ ಎಲ್ಲ ನೀರು ಎಂದ ಮಾಲೀಕ. ಕುಡಿದು ಬಂದಿದ್ದೀಯಾ ಎಂದ. ಕೊನೆಗೆ ತೋಳು ಹಿಡಿದು ಹೊರಗೆ ತಳ್ಳಿದ. ಅವನು ಒದ್ದೆ ನೆಲದ ಮೇಲೆ ಜಾರಿ ಬಿದ್ದ. ಎದ್ದು ಮತ್ತೆ ಅದೇ ಬಾಗಿಲಿಗೆ ಬಂದು ಕೈಮುಗಿದು ನಿಂತ. ಮೂವತ್ತೈದು ವರ್ಷದಲ್ಲಿ ಅವನು ಯಾರಿಗೂ ಹಾಗೆ ಕೈಮುಗಿದಿರಲಿಲ್ಲ.

ಆಗ ಸೊಸೆ ಮುಂದೆ ಬಂದಳು. “ಅಳೆದು ನೋಡೋಕಾದ್ರೂ ಬಿಡಿ. ಓಡ್ತಾ ಇರಲಿ, ನಿಲ್ಲಿಸೋದು ಬೇಡ.”

ಮಾಲೀಕ ಗೊಣಗುತ್ತ ಒಪ್ಪಿದ. ಕೈಗುಣ ಕಣ್ಣಿಗೆ ಕಾಪು ಕನ್ನಡಕ ಹಾಕಿ, ಇಬ್ಬರನ್ನೂ ದೂರ ನಿಲ್ಲಿಸಿ, ಕಾರ್ಖಾನೆಯ ಮೀಟರಿನ ಕಡ್ಡಿಗಳನ್ನು ಮೊದಲು ಹೊಸದರ ಎರಡು ತುದಿಗೆ ಮುಟ್ಟಿಸಿದ. ನೂರ ಅರವತ್ತೈದು. ಆಮೇಲೆ ಹಳೆಯದಕ್ಕೆ. ಮುನ್ನೂರ ತೊಂಬತ್ತೈದು. ಹಳೆಯದರ ಮುಚ್ಚಳ ಚಪ್ಪಟೆಯಾಗಿರಬೇಕಾದದ್ದು ಬಾಯಿ ತುಂಬ ಗಾಳಿ ತುಂಬಿಕೊಂಡಂತೆ ಉಬ್ಬಿತ್ತು.

“ನಾನೂರರ ಒಳಗೇ ಇದೆಯಲ್ಲ!” ಎಂದ ಮಾಲೀಕ. “ಇಷ್ಟಕ್ಕೆ ಇಷ್ಟು ರಂಪನಾ?”

“ಓಡುವಾಗ ಒಳಗಿದೆ. ನಿಲ್ಲಿಸುವಾಗ ಏರುತ್ತೆ,” ಎಂದಳು ಸೊಸೆ. ಅವಳ ಧ್ವನಿ ಸಣ್ಣದಾಗಿತ್ತು. “ನಂಬಿಕೆ ಇಲ್ಲದಿದ್ರೆ ನೀವೇ ಬಂದು ಆ ಕೆಂಪು ಗುಂಡಿ ಒತ್ತಿ. ಬಾಗಿಲು ತೆರೆದೇ ಇರಲಿ. ಎದುರಿಗೇ ನಿಂತ್ಕೊಂಡು ಒತ್ತಿ. ನಮ್ಮಮ್ಮ ಹಂಗೇ ಒತ್ತಿದ್ದು. ಈಗ ಅವರಿಗೆ ಒಂದು ಕಣ್ಣಿಲ್ಲ.”

ಮಾಲೀಕ ಗುಂಡಿಯ ಕಡೆಗೆ ನೋಡಿದ. ಒತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಏನು ಮಾಡ್ತೀಯೋ ಮಾಡು,” ಎಂದು ಹೊರಗೆ ಹೋದ.

ಕೈಗುಣ ಪೆಟ್ಟಿಗೆಯ ಬಾಗಿಲು ಹಾಕಿ ಚಿಲಕ ಬಿಗಿದ. ಕೆಂಪು ಗುಂಡಿ ಮುಟ್ಟದೆ ಹೊರಗೋಡೆಯ ಮೇನ್ ಸ್ವಿಚ್ಚನ್ನೇ ಇಳಿಸಿದ. ಯಂತ್ರ ತನ್ನ ಪಾಡಿಗೆ ತಾನು ನಿಧಾನವಾಗಿ ನಿಂತಿತು. ಕೆಪಾಸಿಟರುಗಳಲ್ಲಿ ಉಳಿದದ್ದನ್ನು ಎರಡು ಬಲ್ಬು ಸೇರಿಸಿ ಖಾಲಿ ಮಾಡಿ, ಎರಡನ್ನೂ ಬಿಚ್ಚಿದ. ಎರಡು ದಿನ ಕಾದು, ಒಂದೇ ಅಳತೆಯ ಹೊಸ ಜೋಡಿ ತಂದು, ಪಕ್ಕದ ರೆಸಿಸ್ಟರುಗಳ ಸಮೇತ ಹಾಕಿದ. ಲಿಫ್ಟಿಗೂ ಹಾಗೇ ಮಾಡಿದ. ಆ ಎರಡು ದಿನವೂ ಕಾರ್ಖಾನೆಯ ಚರಂಡಿಯಲ್ಲಿ ಕರಗಿದ ಐಸಿನ ನೀರು ಹರಿಯುತ್ತಲೇ ಇತ್ತು.

ಆಮೇಲೆ ಗಿರಣಿಯ ಮ್ಯಾನೇಜರ್ ಎದುರು ನಿಂತು ಎಲ್ಲ ಹೇಳಿದ. ಅವರು ಬಾಗಿಲು ಹಾಕಿಸಿದರು. “ಮುಗಿದ ಕಥೆ ಇದು. ನೀನೇ ಬಾಯಿಬಿಟ್ಟು ಯಾಕೆ ತಲೆ ಮೇಲೆ ಎಳ್ಕೋತೀಯ?”

“ಸಿಡಿದದ್ದು ಹಳೇದು ನಿಜ. ಸಿಡಿಸಿದ್ದು ನಾನು ಹಾಕಿದ ಹೊಸದು. ಹಂಗೆ ಬರ್ಕೊಳ್ಳಿ.”

ಬರೆದುಕೊಂಡರು. ಇನ್ನು ಮುಂದೆ ಅವನನ್ನು ಗಿರಣಿಯ ಯಾವ ಪೆಟ್ಟಿಗೆಯನ್ನೂ ಮುಟ್ಟಿಸಬಾರದೆಂದು ಆಜ್ಞೆಯಾಯಿತು. ಬಾಗಿಲು ತೆರೆದಿಡುವ ರೂಢಿಯನ್ನೂ ನಿಲ್ಲಿಸಿದರು. ಬಾಬಿನ್ ವಿಭಾಗದ ಹೆಂಗಸರು ಅವನು ಗೇಟು ದಾಟಿ ಹೋಗುವಾಗ ಅವನನ್ನು ಆ ಅಡ್ಡಹೆಸರಿನಿಂದ ಕರೆಯಲಿಲ್ಲ.

ತಂಗಿ ಮನೆಗೆ ಬಂದಳು. ಮಗಳು ಕಾಲೇಜಿಗೆ ಹೋಗಬೇಕು, ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಔಷಧಿ ಹಾಕಬೇಕು. ಬೇರೆ ಯಾರೂ ಇರಲಿಲ್ಲ, ಅದಕ್ಕೆ ಅವನು ಹೋಗುತ್ತಿದ್ದ. ಅವಳು ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ತಲೆ ಹಿಂದಕ್ಕೆ ಚಾಚಿ ಕೂರುತ್ತಿದ್ದಳು. ಅವನು ರೆಪ್ಪೆ ಬಿಡಿಸಿ ಹನಿ ಬಿಡುತ್ತಿದ್ದ. ಔಷಧಿ ಕೆನ್ನೆಯ ಮೇಲೆ ಇಳಿದರೆ ಅವಳೇ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಎರಡು ತಿಂಗಳು ಹೀಗೇ ಕಳೆಯಿತು, ಇಬ್ಬರ ನಡುವೆ ಒಂದು ಮಾತಿಲ್ಲದೆ. ಒಬ್ಬನೇ ಹಾದಿಯಲ್ಲಿ ನಡೆಯುವಾಗ ಅವನು ಅವಳಿಗೆ ಹೇಳಬೇಕಾದದ್ದನ್ನೆಲ್ಲ ಹೇಳುತ್ತಿದ್ದ. ಹೊಸ್ತಿಲು ದಾಟಿದ ಕೂಡಲೇ ಔಷಧಿಯ ಸೀಸೆಗೆ ಕೈ ಹಾಕುತ್ತಿದ್ದ.

ಮೂರನೆಯ ತಿಂಗಳು ಎಡಗಣ್ಣಿನ ಪರೀಕ್ಷೆಗೆ ಕರೆದೊಯ್ದ. ಅವಳು ಅವನ ತೋಳು ಹಿಡಿಯದೆ ಗೋಡೆ ತಡವುತ್ತ ಒಳಗೆ ಬಂದಳು. ಕಣ್ಣಿನ ಡಾಕ್ಟರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಪಟ್ಟಿ ಬಿಚ್ಚಿ, ಅವನನ್ನು ಎರಡು ಹೆಜ್ಜೆ ದೂರದಲ್ಲಿ ನಿಲ್ಲಲು ಸನ್ನೆ ಮಾಡಿದರು.

“ಎದುರಿಗೆ ಏನು ಕಾಣುತ್ತೆ ಹೇಳಿ.”

“ಬೆಳಕು. ನಡುವೆ ಕಪ್ಪಗೆ ಏನೋ ನಿಂತಿದೆ.”

“ಏನದು? ಹೇಳೋಕಾಗುತ್ತಾ?”

ಅವಳು ಬಹಳ ಹೊತ್ತು ನೋಡಿದಳು. ಅವನು ಕದಲದೆ ನಿಂತಿದ್ದ.

“ನಮ್ಮಣ್ಣ,” ಎಂದಳು.

ಡಾಕ್ಟರ ಮುಖ ಅರಳಿತು. “ಗುರುತು ಹಿಡಿದ್ರಲ್ಲ! ಮುಖ ಕಾಣ್ತಾ ಇದೆಯಾ?”

“ಇಲ್ಲ ಡಾಕ್ಟ್ರೇ. ಅಳುವಾಗ ಅವನು ಹಿಂಗೇ ಮೂಗಲ್ಲಿ ಉಸಿರು ಎಳ್ಕೊಳ್ಳೋದು. ಅದು ಕೇಳಿಸ್ತು.”

ಡಾಕ್ಟರು ತಲೆಯಾಡಿಸಿ ಚೀಟಿಯಲ್ಲಿ ಏನನ್ನೋ ಬರೆದರು. ಇನ್ನು ಆರು ತಿಂಗಳು ಬಿಟ್ಟು ಬನ್ನಿ, ಆಗ ಆಪರೇಷನ್ ಮಾಡಬಹುದೋ ಇಲ್ಲವೋ ನೋಡೋಣ ಎಂದು, ಮುಂದಿನವರನ್ನು ಕರೆದರು.